ಮಿಸ್ ಹಾಕಿದ ಸ್ಪ್ರಿಂಗ್

ಅಕ್ಟೋಬರ್ ೬, ಸೋಮವಾರ

ಇಂದಿನಿಂದ ನಾನು ಶಾಲೆಯ ರೋಬೋಟ್ ತಂಡದ ಮಾರ್ಗದರ್ಶಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಕರೆಸ್ಪಾಂಡೆಂಟ್ ವೆಳ್ಳಿಂಗಿರಿಯವರು ಮೈಕಿನಲ್ಲಿ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕೂಗಿದ ಹೆಸರು ನನ್ನದೆಂದು ತಿಳಿದದ್ದು ಪಕ್ಕದಲ್ಲಿದ್ದ ಗಣಿತದ ಟೀಚರ್ ಮೊಣಕೈಯಿಂದ ತಿವಿದಾಗಲೇ.

ಶಾಲೆಯ ಒಡೆಯರಾದ ಇವರದು ಮೂಲದಲ್ಲಿ ಪಂಪ್‌ಸೆಟ್ ಕಾರ್ಖಾನೆ. ಕೊಯಮತ್ತೂರಿನಲ್ಲಿ ಪಂಪ್‌ಸೆಟ್ ಮಾಡಿ ಗೆದ್ದವರು ಮುಂದೆ ಶಾಲೆ ಕಟ್ಟುತ್ತಾರೆ. ಅವರ ಕಣ್ಣಿಗೆ ಎರಡರ ಕೆಲಸವೂ ಒಂದೇ, ಕೆಳಗಿರುವುದನ್ನು ಮೇಲಕ್ಕೆ ಎತ್ತುವುದು.

“ಏನಮ್ಮಾ ಮರಗದಂ, ಡಿಸೆಂಬರ್‌ನಲ್ಲಿ ತಿರುಚ್ಚಿಲಿ ಸ್ಪರ್ಧೆ. ಜನವರೀಲಿ ನಮ್ಮ ಅಡ್ಮಿಷನ್ ಶುರು. ಮಧ್ಯದಲ್ಲಿ ಒಂದು ಕಪ್ ಬಂದ್ಬಿಟ್ರೆ ಸಾಕು” ಎಂದರು.

“ಸಾರ್, ನಾನು ಫಿಸಿಕ್ಸ್ ಟೀಚರು. ರೋಬೋಟ್ ನನಗೇನು ಗೊತ್ತು?”

“ಅದಕ್ಕೇ ನಿಮ್ಮನ್ನ ಹಾಕಿದ್ದು. ತಮಿಳು ಮೇಷ್ಟ್ರನ್ನ ಹಾಕಿದ್ರೆ ಅದು ನಿಂತ್ಕೊಂಡು ಪದ್ಯ ಹೇಳ್ತದೆ.”

ತಂಡವನ್ನೂ ಅವರೇ ಆರಿಸಿದ್ದಾರೆ. ಒಂಬತ್ತನೆಯ ತರಗತಿಯ ಮೂವರು. ತಿರುಮೂರ್ತಿ, ಇಂಗ್ಲಿಷನ್ನು ಜೋರಾಗಿ ಮಾತಾಡುತ್ತಾನೆಂದು. ನಿಲೋಫರ್, ಮೊದಲ ರ‍್ಯಾಂಕೆಂದು. ಇಳವೇನಿಲ್, ಲ್ಯಾಬಿನ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ಸಿಕ್ಕಿಬಿದ್ದಳೆಂದು. ಅವಳಿಗೆ ಇದು ಶಿಕ್ಷೆಯೋ ಬಹುಮಾನವೋ ಕೇಳಲು ಹೋಗಲಿಲ್ಲ. ನನ್ನದೇ ನನಗೆ ತಿಳಿದಿಲ್ಲ.

ಅಕ್ಟೋಬರ್ ೯, ಗುರುವಾರ

ಸ್ಪರ್ಧೆಯ ನಿಯಮ ಓದಿದೆ. ನೆಲದ ಮೇಲೆ ಮರದ ತುಂಡುಗಳು ಚೆಲ್ಲಿರುತ್ತವೆ. ರೋಬೋಟ್ ಅವನ್ನು ಎತ್ತಿಕೊಂಡು ಒಂದು ಇಳಿಜಾರು ಹತ್ತಿ ಗೂಡಿನಲ್ಲಿ ಇಡಬೇಕು. ನನ್ನ ಮನೆಕೆಲಸದ ಮುನಿಯಮ್ಮ ಇದನ್ನು ಚಾರ್ಜಿಗೆ ಹಾಕದೆಯೇ ಮಾಡುತ್ತಾಳೆ. ಅರ್ಧ ಅಂಕ ಓಟಕ್ಕೆ, ಇನ್ನರ್ಧ ಮಕ್ಕಳು ತೀರ್ಪುಗಾರರ ಮುಂದೆ ತಮ್ಮ ಯಂತ್ರವನ್ನು ವಿವರಿಸುವುದಕ್ಕೆ. ದೊಡ್ಡವರು ಸಲಹೆ ಕೊಡಬಹುದು, ಕೈ ಹಚ್ಚುವಂತಿಲ್ಲ.

ಅವಿನಾಶಿ ರಸ್ತೆಯ ನೀಲಿ ಕೋಟಿನ ಶಾಲೆಯವರೂ ಬರುತ್ತಾರಂತೆ. ಅಲ್ಲಿ ರೋಬೋಟ್ ಮಾಡುವುದು ಒಂದು ಕಂಪನಿ. ಎಂಜಿನಿಯರೊಬ್ಬ ಬಂದು ಜೋಡಿಸಿ ಹೋಗುತ್ತಾನೆ, ಮಕ್ಕಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಳೆದ ವರ್ಷದ ವಿಜ್ಞಾನ ಮೇಳದಲ್ಲಿ ಅವರ ಹುಡುಗನೊಬ್ಬನನ್ನು ನಾನೇ ಕೇಳಿದ್ದೆ, ಮೋಟಾರು ಯಾವುದಪ್ಪಾ ಎಂದು. ಅವನು ಬ್ಯಾಟರಿ ತೋರಿಸಿ ಪಟಪಟನೆ ವಿವರಣೆ ಒಪ್ಪಿಸಿದ. ಇಂಥ ನಾಚಿಕೆಗೇಡು ನಮ್ಮಲ್ಲಿ ಆಗದು. ನಾನು ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತೇನೆ. ಅವರು ಮಾಡಿದ್ದೇ ರೋಬೋಟ್.

ಅಕ್ಟೋಬರ್ ೧೪, ಮಂಗಳವಾರ

ನಾಲ್ಕು ಚಕ್ರ, ಒಂದು ಹಲಗೆ, ಎರಡು ಮೋಟಾರು. ಇಷ್ಟಕ್ಕೆ ‘ಕುಟ್ಟಿಯಾನೆ’ ಎಂದು ಹೆಸರಿಟ್ಟಿದ್ದಾರೆ. ಮರಿಯಾನೆಗೆ ಇನ್ನೂ ಸೊಂಡಿಲಿಲ್ಲ. ಇಳವೇನಿಲ್ ಇಂದು ಚೀಲದಿಂದ ಸೊಂಡಿಲು ತೆಗೆದಳು. ಸಾಂಬಾರಿನ ಸೌಟು. ಅವಳ ಅಮ್ಮ ಕಾಲೇಜು ಹುಡುಗರಿಗೆ ಮೆಸ್ ನಡೆಸುತ್ತಾಳೆ, ಅಲ್ಲಿಯದು.

“ಮಿಸ್, ಇದು ರೋಬೋಟಲ್ಲ, ಬಾಳೆಎಲೆ ಹಾಕಿದ್ರೆ ಬಡಿಸ್ಕೊಂಡು ಹೋಗುತ್ತೆ” ಎಂದ ತಿರುಮೂರ್ತಿ.

“ನೀನು ಸುಮ್ನಿರೋ, ತಿನ್ನೋದೊಂದೇ ಗೊತ್ತು ನಿಂಗೆ” ಎಂದು ಇಳವೇನಿಲ್ ನನ್ನ ಕಡೆ ತಿರುಗಿದಳು. “ಮಿಸ್, ಎಲ್ರೂ ಇಕ್ಕಳ ಹಾಕ್ತಾರೆ. ಇಕ್ಕಳಕ್ಕೆ ಗುರಿ ಬೇಕು. ಒಂದಂಗುಲ ಆಚೆ ಈಚೆ ಆದ್ರೆ ಗಾಳಿ ಹಿಡಿಯುತ್ತೆ. ಸೌಟಾದ್ರೆ ನೂಕ್ಕೊಂಡು ಹೋದ್ರಾಯ್ತು, ತಾನೇ ಒಳಗೆ ಬೀಳುತ್ತೆ.”

ಬೀಳುತ್ತದೆಯೋ ಇಲ್ಲವೋ ನೋಡಿದೆವು. ತುಂಡು ಒಳಗೆ ಬಿತ್ತು, ಕುಟ್ಟಿಯಾನೆ ಮುಂದಕ್ಕೆ ಮುಗ್ಗರಿಸಿತು. ಮೂವರೂ ಹೊಟ್ಟೆ ಹಿಡಿದು ನಕ್ಕರು. ಸೌಟಿನ ತೂಕಕ್ಕೆ ಹಿಂದೆ ಏನಾದರೂ ಭಾರ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಅಕ್ಟೋಬರ್ ೧೭, ಶುಕ್ರವಾರ

ಹೇಳಿಬಿಟ್ಟೆ. ಸಲಹೆ ಕೊಡಬಹುದೆಂದು ನಿಯಮದಲ್ಲೇ ಇದೆ.

ದೀಪಾವಳಿ ರಜೆಯಲ್ಲಿ ಲ್ಯಾಬಿನಲ್ಲಿ ಇಲಿ ಕಾಟವೆಂದು ಕುಟ್ಟಿಯಾನೆಯನ್ನು ಮನೆಗೆ ತಂದಿದ್ದೇನೆ.

ಅಕ್ಟೋಬರ್ ೨೦, ಸೋಮವಾರ, ದೀಪಾವಳಿ

ಎಣ್ಣೆಸ್ನಾನ ಆಯಿತು, ಅಕ್ಕಪಕ್ಕದವರಿಗೆ ತಿಂಡಿ ಹಂಚಿದ್ದಾಯಿತು. ಆಮೇಲೆ ಸುಮ್ಮನೆ ನೋಡೋಣವೆಂದು ಕುಟ್ಟಿಯಾನೆಯನ್ನು ಊಟದ ಮೇಜಿನ ಮೇಲಿಟ್ಟೆ. ಬಲಗಡೆಯ ಚಕ್ರದ ನಟ್ ಸಡಿಲವಾಗಿತ್ತು. ಅದೊಂದನ್ನು ಬಿಗಿ ಮಾಡಿದೆ. ಅದನ್ನು ಬಿಗಿ ಮಾಡಿದರೆ ಎಡಗಡೆಯದು ಅಣಕಿಸುತ್ತದೆ. ಅದನ್ನೂ ಮಾಡಿದೆ. ತಂತಿಗಳನ್ನು ಆ ಮಕ್ಕಳು ನೂಡಲ್ಸಿನಂತೆ ಸುತ್ತಿದ್ದರು. ಕಂಡವರು ನಗಬಾರದಲ್ಲ, ಬಿಡಿಸಿ ಸಾಲಾಗಿ ಕಟ್ಟಿದೆ.

ಮನೆಯವರು ಮೈಸೂರ್‌ಪಾಕ್ ತಟ್ಟೆ ಹಿಡಿದು ಬಂದು ಇಡಲು ಜಾಗವಿಲ್ಲದೆ ನಿಂತರು.

“ಮಕ್ಕಳು ಎಲ್ಲಿ?” ಎಂದರು.

“ಹಬ್ಬ ಅಲ್ವಾ, ಪಟಾಕಿ ಹೊಡೀತಿರ್ತಾರೆ.”

“ಹಾಗಾದ್ರೆ ನೀನು ಏನು ಹೊಡೀತಿದೀಯ?”

ಹಬ್ಬದ ದಿನ ಜಗಳ ಬೇಡವೆಂದು ತಟ್ಟೆಗೆ ಮೂಲೆಯಲ್ಲಿ ಜಾಗ ಮಾಡಿಕೊಟ್ಟೆ. ಒಂದು ನಟ್ ಬಿಗಿ ಮಾಡಿದರೆ ಇವರಿಗೇನು ಕಷ್ಟ?

ನವೆಂಬರ್ ೩, ಸೋಮವಾರ

ಸೌಟು ತೆಗೆದಾಯಿತು. ಅದರ ಜಾಗದಲ್ಲಿ ಸೊಗಸಾದ ಇಕ್ಕಳ. ಎರಡು ಶನಿವಾರ ಮಧ್ಯಾಹ್ನ ಕುಳಿತು ನಾನೇ ತಗಡು ಕತ್ತರಿಸಿದೆ, ಕೀಲು ಕೂಡಿಸಿದೆ. ಬಾಯಿ ತೆರೆದರೆ ತಾನೇ ಮುಚ್ಚಿಕೊಳ್ಳಲು ಒಂದು ಸ್ಪ್ರಿಂಗ್ ಹಾಕಿದ್ದೇನೆ. ಆ ಸ್ಪ್ರಿಂಗಿನ ಯೋಚನೆ ಬಂದಾಗ ಬಸ್ಸಿನಲ್ಲಿದ್ದೆ, ಇಳಿಯುವ ನಿಲ್ದಾಣ ದಾಟಿ ಸಿಂಗಾನಲ್ಲೂರಿನವರೆಗೆ ಹೋಗಿಬಿಟ್ಟಿದ್ದೆ. ಪಾಠ ಮಾಡಲು ಶುರುಮಾಡಿದಾಗಿನಿಂದ ಇಷ್ಟು ಖುಷಿಯಾದದ್ದು ನೆನಪಿಲ್ಲ.

ಮಕ್ಕಳಿಗೆ ತೋರಿಸಿದೆ. ತಿರುಮೂರ್ತಿ “ಸೂಪರ್ ಮಿಸ್” ಎಂದ. ನಿಲೋಫರ್ “ಚೆನ್ನಾಗಿದೆ ಮಿಸ್” ಎಂದಳು. ಇಳವೇನಿಲ್ ಸೌಟನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ತಾಯಿಗೆ ಬೇಕಾಗಿರಬೇಕು.

ನವೆಂಬರ್ ೭, ಶುಕ್ರವಾರ

ತಂಡಕ್ಕೆ ಈಗ ಒಳ್ಳೆಯ ಶಿಸ್ತು ಬಂದಿದೆ. ಮೊದಲೆಲ್ಲ ಲ್ಯಾಬ್ ಸಂತೆಯಂತಿರುತ್ತಿತ್ತು. ಈಗ ನಾನು ಕೆಲಸ ಮಾಡುವಾಗ ನಿಲೋಫರ್ ಬ್ಯಾಟರಿ ಚಾರ್ಜಿಗೆ ಹಾಕುತ್ತಾಳೆ, ತಿರುಮೂರ್ತಿ ಕೇಳಿದ ಸ್ಕ್ರೂ ಎತ್ತಿಕೊಡುತ್ತಾನೆ, ಇಳವೇನಿಲ್ ಕಸ ಗುಡಿಸುತ್ತಾಳೆ. ಅವಳು ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದಾಳೆ. ಎಷ್ಟೋ ಸಮಯ ಉಳಿಯುತ್ತದೆ.

ನವೆಂಬರ್ ೧೪, ಶುಕ್ರವಾರ

ಮಕ್ಕಳ ದಿನ. ಕರೆಸ್ಪಾಂಡೆಂಟರು ಲ್ಯಾಬಿಗೆ ಬಂದರು. ಕುಟ್ಟಿಯಾನೆ ಅವರ ಕಾಲ ಬಳಿ ಹೋಗಿ ತುಂಡನ್ನು ಎತ್ತಿಕೊಂಡಿತು. ಬಗ್ಗಿ ಅದರ ತಲೆ ಸವರಿದರು. ಕಾರ್ಖಾನೆಯ ಯಾವ ನೌಕರನ ತಲೆಯನ್ನೂ ಅವರು ಸವರಿದ್ದು ಕೇಳಿಲ್ಲ.

“ಫ್ಲೆಕ್ಸ್ ಪ್ರಿಂಟಿಗೆ ಕೊಟ್ಟಾಯ್ತಮ್ಮಾ. ‘ವಿಜೇತ ತಂಡ’ ಅಂತ. ಎಲ್ಲರ ಫೋಟೋ ಇದೆ.”

“ಸಾರ್, ಸ್ಪರ್ಧೆ ಇನ್ನೂ ಆಗಿಲ್ಲ.”

“ಆಗ್ತದಲ್ಲ. ಆಮೇಲೆ ಪ್ರಿಂಟ್ ಹಾಕ್ಸಿದ್ರೆ ಪೊಂಗಲ್ ಆಗೋಗ್ತದೆ.”

ಎಂಥ ಮನುಷ್ಯ. ಮಕ್ಕಳ ಶ್ರಮದ ಮೇಲೆ ತಮ್ಮ ಮೀಸೆ ತಿರುವುವವರನ್ನು ಕಂಡರೆ ನನಗೆ ಮೈಯುರಿ.

ನವೆಂಬರ್ ೨೧, ಶುಕ್ರವಾರ

ತೀರ್ಪುಗಾರರ ಪ್ರಶ್ನೆಗೆ ಉತ್ತರ ಬರೆದುಕೊಟ್ಟೆ. ದಿನಕ್ಕೊಮ್ಮೆ ಒಪ್ಪಿಸಬೇಕು. “ನಾವು ಮೊದಲು ಸೌಟಿನ ಮಾದರಿಯನ್ನು ಪರೀಕ್ಷಿಸಿದೆವು, ಅದರ ದೋಷಗಳನ್ನು ಗಮನಿಸಿ ಇಕ್ಕಳವನ್ನು ರೂಪಿಸಿದೆವು.” ಚೆನ್ನಾಗಿ ಬಂದಿದೆ.

ನಿಲೋಫರ್ ಕೈಯೆತ್ತಿದಳು. “ಮಿಸ್, ‘ನಾವು’ ಅಂತಾನೇ ಹೇಳ್ಬೇಕಾ?”

“ಮತ್ತೆ ‘ಅವರು’ ಅಂತ ಹೇಳ್ತೀಯಾ?”

“ಇಲ್ಲ ಮಿಸ್. ಸುಮ್ನೆ ಕೇಳ್ದೆ.”

ಮೊದಲ ರ‍್ಯಾಂಕಿನ ಮಕ್ಕಳಿಗೆ ವ್ಯಾಕರಣದ ಚಿಂತೆ ಜಾಸ್ತಿ.

ನವೆಂಬರ್ ೨೮, ಶುಕ್ರವಾರ

ಇಳವೇನಿಲ್ ಈ ವಾರವೆಲ್ಲ ಲ್ಯಾಬಿಗೆ ಬರಲಿಲ್ಲ. ಕರೆಸಿ ಕೇಳಿದೆ. ಮೆಸ್ಸಿನಲ್ಲಿ ಕೆಲಸವಂತೆ. ತಂಡವೆಂದರೆ ಮನೆಯಿದ್ದಂತೆ, ಎಲ್ಲರೂ ಕೈ ಜೋಡಿಸಬೇಕು ಎಂದು ಬುದ್ಧಿ ಹೇಳಿದೆ.

“ನಮ್ಮನೇನೂ ಹಂಗೇ ಮಿಸ್” ಎಂದಳು. “ಅಮ್ಮ ಯಾರಿಗೂ ಒಲೆ ಮುಟ್ಟಕ್ಕೆ ಬಿಡಲ್ಲ. ಆಮೇಲೆ ಯಾರೂ ಸಹಾಯ ಮಾಡಲ್ಲ ಅಂತ ಬೈಕೋತಾಳೆ.”

ನಾನು ಹೇಳಿದ್ದಕ್ಕೂ ಅವಳು ಹೇಳಿದ್ದಕ್ಕೂ ಏನು ಸಂಬಂಧ? ಈ ಕಾಲದ ಮಕ್ಕಳ ಗಮನ ಒಂದು ಕಡೆ ನಿಲ್ಲುವುದಿಲ್ಲ.

ಡಿಸೆಂಬರ್ ೧೨, ಶುಕ್ರವಾರ, ತಿರುಚ್ಚಿ

ಶಾಲೆಯ ವ್ಯಾನಿನಲ್ಲಿ ಬಂದೆವು. ಕುಟ್ಟಿಯಾನೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ, ಮಕ್ಕಳ ಕೈಗೆ ಕೊಟ್ಟರೆ ಬೀಳಿಸುತ್ತಾರೆ. ಕರೂರಿನಲ್ಲಿ ಅವರು ಪರೋಟ ತಿನ್ನಲು ಇಳಿದರು. ನಾನು ಇಳಿಯಲಿಲ್ಲ.

ಡಿಸೆಂಬರ್ ೧೩, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲವಾದರೆ ನಿದ್ದೆ ಬಾರದು.

ಎಂಜಿನಿಯರಿಂಗ್ ಕಾಲೇಜಿನ ದೊಡ್ಡ ಸಭಾಂಗಣ. ಮಕ್ಕಳ ಮೇಜುಗಳ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಮಕ್ಕಳು, ಹೊರಗೆ ನಾವು. ಮೊದಲ ಓಟದಲ್ಲಿ ನನ್ನ ಇಕ್ಕಳ ಒಂದು ತುಂಡನ್ನೂ ಬಿಡಲಿಲ್ಲ. ಪಟ್ಟಿಯಲ್ಲಿ ಎರಡನೆಯ ಸ್ಥಾನ. ಮೇಲೆ ನೀಲಿ ಕೋಟಿನವರು ಮಾತ್ರ. ನಾನು ಹಗ್ಗ ಹಿಡಿದು ಕುಣಿದೆನಂತೆ, ವ್ಯಾನಿನ ಡ್ರೈವರ್ ಆಮೇಲೆ ಹೇಳಿದ.

ಆಮೇಲೆ ತೀರ್ಪುಗಾರರು ಬಂದರು. ಬೆಳ್ಳಿಕೂದಲಿನ ಒಬ್ಬ ಪ್ರೊಫೆಸರಮ್ಮ, ಜೊತೆಗೆ ಇನ್ನೊಬ್ಬರು. ತಿರುಮೂರ್ತಿ ಬರೆದುಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಆಕೆ ತಲೆಯಾಡಿಸುತ್ತ ಕೇಳಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟರು.

“ಇದು ತುಂಬ ಚೆನ್ನಾಗಿದೆ. ಇದನ್ನ ತೆಗೆದ್ರೆ ಏನಾಗುತ್ತೆ ಕಂದಾ?”

ಬರೆದುಕೊಟ್ಟಿದ್ದರಲ್ಲಿ ಅದಿರಲಿಲ್ಲ. ತಿರುಮೂರ್ತಿ ನಿಲೋಫರಳನ್ನು ನೋಡಿದ, ನಿಲೋಫರ್ ನೆಲ ನೋಡಿದಳು. ಹಗ್ಗದಾಚೆ ನಾನು ಕೈಯನ್ನು ಬಾಯಿಯಂತೆ ತೆರೆದು ಮುಚ್ಚಿ ತೋರಿಸಿದೆ. ಇಳವೇನಿಲ್ ನನ್ನನ್ನು ನೋಡಿದಳು, ಆಮೇಲೆ ಆಕೆಯ ಕಡೆ ತಿರುಗಿದಳು.

“ಗೊತ್ತಿಲ್ಲ ಮೇಡಂ. ಅದನ್ನ ಮಿಸ್ ಹಾಕಿದ್ದು.”

“ಇಕ್ಕಳ?”

“ಅದೂ ಮಿಸ್ಸೇ.”

“ಹಾಗಾದ್ರೆ ನೀವು ಏನು ಮಾಡಿದ್ರಿ?”

“ಚಾರ್ಜಿಗೆ ಹಾಕಿದ್ವಿ ಮೇಡಂ” ಎಂದಳು ನಿಲೋಫರ್, ಅಳು ಒತ್ತಿಕೊಂಡು.

ಆಗ ಇಳವೇನಿಲ್ ಮೇಜಿನ ಕೆಳಗಿನ ಚೀಲದಿಂದ ಆ ದರಿದ್ರ ಸೌಟನ್ನು ತೆಗೆದಳು. ಅದು ಹಳೆಯ ಸೌಟಾಗಿರಲಿಲ್ಲ. ಹಿಡಿ ಕತ್ತರಿಸಿದ್ದಳು, ಅಂಚನ್ನು ಬಡಿದು ಚಪ್ಪಟೆ ಮಾಡಿದ್ದಳು. ಅವಳು ಲ್ಯಾಬಿಗೆ ಬಾರದ ವಾರ ಮೆಸ್ಸಿನಲ್ಲಿ ನಡೆದ ಕೆಲಸ ಇದು. ಯಾಕೆ ಚಪ್ಪಟೆ, ಎಷ್ಟು ಬಗ್ಗಿಸಿದೆ, ಎಲ್ಲಿ ಇನ್ನೂ ಜಾರುತ್ತದೆ ಎಂದು ಹೇಳತೊಡಗಿದವಳು ನಿಲ್ಲಿಸಲೇ ಇಲ್ಲ. ತಿರುಮೂರ್ತಿ ನಡುವೆ ಬಾಯಿ ಹಾಕಿ “ಇಲ್ಲ ಕಣೇ, ಹಿಂದೆ ಭಾರ ಹಾಕಿದ್ರೆ ಜಾರಲ್ಲ” ಎಂದ. ನಿಲೋಫರ್ ಕಣ್ಣೊರೆಸಿಕೊಂಡು “ಭಾರ ಹಾಕಿದ್ರೆ ಇಳಿಜಾರು ಹತ್ತಲ್ಲ” ಎಂದಳು. ತೀರ್ಪುಗಾರರನ್ನು ಮರೆತು ಮೂವರೂ ಜಗಳಕ್ಕೆ ಬಿದ್ದರು. ಲ್ಯಾಬ್ ಸಂತೆಯಂತಿದ್ದ ದಿನಗಳ ಹಾಗೆ.

ತೀರ್ಮಾನ ಹೀಗೆ. ಇಕ್ಕಳ ತೆಗೆಯಬೇಕು, ಅದರಿಂದ ಬಂದ ಅಂಕ ಇಲ್ಲ. ಮಧ್ಯಾಹ್ನದ ಓಟಗಳಿಗೆ ತಾವೇ ಮಾಡಿದ್ದನ್ನು ಹಾಕಿಕೊಂಡು ಇಳಿಯಬಹುದು, ಇಲ್ಲವೇ ಮನೆಗೆ ಹೋಗಬಹುದು. ಪ್ರೊಫೆಸರಮ್ಮ ನನ್ನ ಬಳಿ ಬಂದು “ಸ್ಪ್ರಿಂಗ್ ಒಳ್ಳೇ ಯೋಚನೆ. ನಿಮಗೆ ಸ್ಪರ್ಧೆ ಇದ್ದಿದ್ರೆ ನಾನೇ ಅಂಕ ಕೊಡ್ತಿದ್ದೆ” ಎಂದರು. ಹೊಗಳಿದರೋ ಉಗಿದರೋ ಈಗಲೂ ತಿಳಿಯುತ್ತಿಲ್ಲ.

ಊಟದ ಹೊತ್ತಿನಲ್ಲಿ ಹಗ್ಗದ ಬಳಿಯೇ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಕಡಲೆಮಿಠಾಯಿ ಮುರಿದು ಅರ್ಧ ನನಗೆ ಚಾಚಿದ. ನೀಲಿ ಕೋಟಿನ ಶಾಲೆಯ ಕಂಪನಿ ಎಂಜಿನಿಯರ್.

“ನಿಮ್ಮ ಇಕ್ಕಳ ನೋಡ್ದೆ ಮೇಡಂ. ಕೆಲಸ ಬಲು ನೀಟು. ಎಷ್ಟು ವರ್ಷದಿಂದ ಇದೀರಿ ಈ ಲೈನ್‌ನಲ್ಲಿ?”

“ನಾನು ಟೀಚರ್” ಎಂದೆ.

“ಹಾಂ, ನಾನೂ ಮೊದಲು ಟೀಚರೇ” ಎಂದ, ಬೇಸರವಿಲ್ಲದೆ. “ನಿಮ್ಮ ಮಕ್ಕಳಿಗೆ ಪ್ರಾಕ್ಟೀಸ್ ಸಾಲ್ದು ಮೇಡಂ. ನಮ್ಮೋರು ನೋಡಿ, ತೆಗೆದ್ರೆ ಏನಾಗುತ್ತೆ ಅನ್ನೋದಕ್ಕೂ ಉತ್ತರ ಕಲಿಸಿರ್ತೀನಿ.”

ಮಿಠಾಯಿಯನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಹಗ್ಗದೊಳಗೆ ಮೂವರೂ ಊಟ ಬಿಟ್ಟು ಸೌಟು ಕೂರಿಸುತ್ತಿದ್ದರು. ಭಾರಕ್ಕೆಂದು ತಿರುಮೂರ್ತಿ ತನ್ನ ನೀರಿನ ಬಾಟಲಿ ಕಟ್ಟಿದ. ಮಧ್ಯಾಹ್ನದ ಒಂದು ಓಟದಲ್ಲಿ ಕುಟ್ಟಿಯಾನೆ ಎರಡೆರಡು ತುಂಡುಗಳನ್ನು ಒಟ್ಟಿಗೆ ಬಾಚಿತು. ಸಭಾಂಗಣದಲ್ಲಿ ಗುಲ್ಲೆದ್ದಿತು. ಮುಂದಿನ ಓಟದಲ್ಲಿ ಇಳಿಜಾರಿನ ಅರ್ಧಕ್ಕೆ ಹೋಗಿ ಬಾಟಲಿಯ ಸಮೇತ ಮಗುಚಿಕೊಂಡಿತು. ಕೊನೆಯಿಂದ ನಾಲ್ಕನೆಯ ಸ್ಥಾನ. ಕಪ್ ನೀಲಿ ಕೋಟಿಗೆ.

ವ್ಯಾನಿನಲ್ಲಿ ನಾನು ಡ್ರೈವರ್ ಪಕ್ಕದ ಸೀಟು ಹಿಡಿದೆ. ಹಿಂದೆ ಕುಳಿತು ಅವರು ಊರು ಬರುವವರೆಗೂ ಯಾಕೆ ಮಗುಚಿತೆಂದು ವಾದಿಸುತ್ತಿದ್ದರು. ಸೋತವರ ಲಕ್ಷಣ ಒಬ್ಬರಲ್ಲಾದರೂ ಬೇಡವೇ?

ಡಿಸೆಂಬರ್ ೧೪, ಭಾನುವಾರ

ಒಂದೇ ಒಂದು ಕ್ಷಣ ಸುಮ್ಮನಿದ್ದಿದ್ದರೆ ಆ ಹುಡುಗಿಯ ಗಂಟೇನು ಹೋಗುತ್ತಿತ್ತು?

ಡಿಸೆಂಬರ್ ೧೫, ಸೋಮವಾರ

ಕರೆಸ್ಪಾಂಡೆಂಟರು ಕರೆದರು. ಗೋಡೆಗೆ ಒರಗಿಸಿದ್ದ ಫ್ಲೆಕ್ಸ್ ಸುರುಳಿಯನ್ನು ಅವರ ಕಣ್ಣು ಬಿಡುತ್ತಿರಲಿಲ್ಲ.

“ಆ ಹುಡುಗಿ ಬಾಯಿ ಮುಚ್ಕೊಂಡಿದ್ರೆ ಕಪ್ ನಮ್ದೇ ಅಲ್ವೇನಮ್ಮಾ?”

ನಿನ್ನೆ ನಾನು ಇಲ್ಲಿ ಬರೆದದ್ದೂ ಇದನ್ನೇ. ಅವರ ಬಾಯಲ್ಲಿ ಕೇಳಿದಾಗ ಯಾಕೋ ಹಳಸಿದ ವಾಸನೆ ಬಂತು.

“ನಾಳೆ ಪ್ರಾರ್ಥನೇಲಿ ಅವಳನ್ನ ನಿಲ್ಸಿ. ಶಾಲೆ ಮರ್ಯಾದೆ ಕಳೆದಿದ್ದಕ್ಕೆ ಎಲ್ರ ಮುಂದೆ ಕ್ಷಮೆ ಕೇಳ್ಲಿ.”

“ಅವಳು ಸುಳ್ಳು ಹೇಳ್ಲಿಲ್ಲ ಸಾರ್.”

“ನಾನೆಲ್ಲಿ ಸುಳ್ಳು ಅಂದೆ? ಮರ್ಯಾದೆ ಅಂದೆ.”

“ನಿಲ್ಸೋದಾದ್ರೆ ನನ್ನ ನಿಲ್ಸಿ. ಸ್ಪ್ರಿಂಗ್ ಹಾಕಿದ್ದು ನಾನು.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನನಗೂ ಆಶ್ಚರ್ಯವೇ. ಬೆಳಗಿನ ಕಾಫಿ ಕುಡಿದಿರಲಿಲ್ಲ, ತಲೆನೋವಿತ್ತು, ಅದಕ್ಕೇ ಹಾಗೆ ಮಾತು ಬಂದಿರಬೇಕು. “ಟೀಚರನ್ನ ನಿಲ್ಸಿದ್ರೆ ಅಡ್ಮಿಷನ್ ಏನಾಗ್ಬೇಕು?” ಎಂದು ಗೊಣಗಿ, ಲ್ಯಾಬಿನ ಬೀಗದ ಕೈ ಮೇಜಿನ ಮೇಲಿಡಲು ಹೇಳಿದರು. ಇಟ್ಟು ಬಂದೆ.

ಡಿಸೆಂಬರ್ ೧೬, ಮಂಗಳವಾರ

ಪ್ರಾರ್ಥನೆಯಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಶುರು.

ಜನವರಿ ೫, ಸೋಮವಾರ

ರಜೆ ಮುಗಿಯಿತು. ಗೇಟಿನ ಮೇಲೆ ಫ್ಲೆಕ್ಸ್ ಏರಿದೆ. ‘ವಿಜೇತ ತಂಡ’ ಎಂಬಲ್ಲಿ ‘ವಿಜೇತ’ದ ಮೇಲೆ ‘ಭಾಗವಹಿಸಿದ’ ಎಂದು ಚೀಟಿ ಅಂಟಿಸಿದ್ದಾರೆ. ಚೀಟಿ ಸಣ್ಣದಾಗಿದ್ದು ‘ವಿ’ ಹೊರಗೆ ಇಣುಕುತ್ತಿದೆ. ಫೋಟೋದಲ್ಲಿ ಇಳವೇನಿಲಳ ಮುಖದ ಮೇಲೆ ಶಾಲೆಯ ಲಾಂಛನ.

ಲ್ಯಾಬಿಗೆ ಹೊಸ ಬಣ್ಣ, ಹೊಸ ಫಲಕ, ಹೊಸ ತರಬೇತುದಾರ. ಬಾಗಿಲಲ್ಲಿ ನನ್ನನ್ನು ಕಂಡು ಅವನು ಹಳೆಯ ನೆಂಟನಂತೆ ನಕ್ಕ. ಕಡಲೆಮಿಠಾಯಿಯ ಎಂಜಿನಿಯರ್. ಹೊಸ ತಂಡದಲ್ಲಿ ಇಳವೇನಿಲ್ ಇಲ್ಲ. ತಿರುಮೂರ್ತಿಯನ್ನೂ ನಿಲೋಫರಳನ್ನೂ ಕರೆದಿದ್ದರಂತೆ, ಅವರು ಹೋಗಲಿಲ್ಲವಂತೆ. ಪೆದ್ದುಗಳು. ಹೀಗೆ ಬರೆದರೂ ಬೆಳಗಿನಿಂದ ಸಿಳ್ಳೆ ಹೊಡೆಯಬೇಕೆನಿಸುತ್ತಿದೆ, ನನಗೆ ಸಿಳ್ಳೆ ಬಾರದು.

ಜನವರಿ ೬, ಮಂಗಳವಾರ

ಶಾಲೆ ಬಿಟ್ಟ ಮೇಲೆ ಸೈಕಲ್ ಶೆಡ್ಡಿನ ಕಡೆ ಹೋಗಿದ್ದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ನನ್ನ ಬಳಿ ಸೈಕಲ್ಲೂ ಇಲ್ಲ. ಮೂವರೂ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದರು. ನಡುವೆ ಯಾರದೋ ಹಳೆಯ ಮೋಟಾರು, ಪ್ಲೈವುಡ್ ತುಂಡು, ಮತ್ತೊಂದು ಸೌಟು. ನನ್ನನ್ನು ಕಂಡು ತಿರುಮೂರ್ತಿ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಾನೇನು ಕಸಿದುಕೊಳ್ಳುವವಳೇ?

“ಮುಂದಿನ ವರ್ಷಕ್ಕಾ?” ಎಂದೆ.

“ಏನಕ್ಕೂ ಇಲ್ಲ ಮಿಸ್” ಎಂದಳು ನಿಲೋಫರ್. “ಸುಮ್ನೆ. ಮಗುಚಬಾರ್ದು, ಅಷ್ಟೇ.”

ಇಳವೇನಿಲ್ ತಲೆಯೆತ್ತದೆ ಹಲಗೆಯ ಒಂದು ತುದಿಯನ್ನು ನನ್ನ ಕಡೆ ನೂಕಿದಳು.

“ಹಿಡ್ಕೊಳ್ಳಿ ಮಿಸ್. ಅಲ್ಲಾಡಬಾರ್ದು. ತಿರುಗಿಸೋದು ನಾವೇ.”

ಸೀರೆ ಎತ್ತಿ ಕಟ್ಟಿ ನೆಲದ ಮೇಲೆ ಕುಳಿತು ಹಿಡಿದುಕೊಂಡೆ. ಕಾಲು ಜೋಮು ಹಿಡಿಯಿತು. ಸೊಳ್ಳೆ ಕಚ್ಚುತ್ತಿದ್ದರೂ ಕೈ ಬಿಡುವಂತಿರಲಿಲ್ಲ. ಒಬ್ಬರಿಗಾದರೂ ಹಿರಿಯರೆಂಬ ಗೌರವವಿದ್ದರೆ ಒಂದು ಸ್ಟೂಲು ತರುತ್ತಿದ್ದರು. ಇಳವೇನಿಲ್ ನಾಲಿಗೆ ಕಚ್ಚಿಕೊಂಡು ತಿರುಗಿಸುತ್ತಿದ್ದಳು. ಸ್ಕ್ರೂ ಓರೆಯಾಗಿ ಇಳಿಯುತ್ತಿತ್ತು. ನನಗೆ ಚೆನ್ನಾಗಿ ಕಾಣುತ್ತಿತ್ತು.

ನಾಳೆ ಅವರಿಗೂ ಕಾಣುತ್ತದೆ.